‘ಬರೀ ಹೊಟ್ಟೆ’ ಅಂದರೆ ಚಾ ಕೂಡ ಇಲ್ಲ: ಥೈರಾಯ್ಡ್ ಗುಳಿಗೆಯ ಡೋಸ್ ಏರುತ್ತಲೇ ಹೋಗುವುದೇಕೆ?

ಕಾಸರಗೋಡಿನ ಮದ್ದಿನಂಗಡಿಯಲ್ಲಿ ಥೈರಾಯ್ಡ್ ಗುಳಿಗೆ ಕೊಡುವಾಗ ಹೇಳುವುದು ಮಲಯಾಳದ ಎರಡೇ ಪದ: ‘ವೆರುಂ ವಯಟ್ಟಿಲ್’. ಬರೀ ಹೊಟ್ಟೆಗೆ ಎಂದರ್ಥ. ಮಂಗಳೂರಿಗೆ ಹೋಗಿ ತೋರಿಸಿ ಬಂದವರ ಚೀಟಿಯಲ್ಲೂ ಅದೇ ಇರುತ್ತದೆ, ಇಂಗ್ಲಿಷಿನಲ್ಲಿ. ಮೂರು ಭಾಷೆಯಲ್ಲೂ ಮಾತು ಸರಿಯೇ. ಎಡವಟ್ಟಾಗುವುದು ಮನೆಯಲ್ಲಿ. ನಮ್ಮ ಕಡೆ ಹೊಟ್ಟೆಗೆ ಬಿತ್ತು ಅನ್ನಬೇಕಾದರೆ ದೋಸೆಯೋ ಪುಂಡಿಯೋ ಆಗಬೇಕು. ಎದ್ದ ಕೂಡಲೇ ಕುಡಿಯುವ ಒಂದು ಲೋಟ ಚಾ ಯಾರ ಲೆಕ್ಕಕ್ಕೂ ಬರುವುದಿಲ್ಲ. ಹಾಗಾಗಿ ಗುಳಿಗೆ ಬಾಯಿಗೆ, ಹಿಂದಿನಿಂದಲೇ ಚಾ. ಮೂರು ತಿಂಗಳ ನಂತರ ರಕ್ತಪರೀಕ್ಷೆಯಲ್ಲಿ, ಥೈರಾಯ್ಡ್ ಹಾರ್ಮೋನು ಸಾಲದಾದಾಗ ಏರುವ ಟಿಎಸ್‌ಎಚ್ ಹೆಚ್ಚೇ ಇರುತ್ತದೆ. 50ರ ಗುಳಿಗೆ ಇದ್ದದ್ದು 75 ಆಗುತ್ತದೆ, ಆಮೇಲೆ 100, ಆಮೇಲೆ 125. ಗುಳಿಗೆಯ ಮೇಲೆ ಅಚ್ಚಾದ ಸಂಖ್ಯೆ ಏರುತ್ತದೆಯೇ ಹೊರತು ರಕ್ತಕ್ಕೆ ಸೇರುವ ಮದ್ದು ಅಷ್ಟಾಗಿ ಏರುವುದಿಲ್ಲ.

ಡೋಸ್ ಏರಿಸುವ ಮೊದಲು ಕೇಳಬೇಕಾದ ಪ್ರಶ್ನೆ ಎರಡು. ಗುಳಿಗೆ ನುಂಗಿದ ಮೊದಲ ಒಂದು ಗಂಟೆಯಲ್ಲಿ ಗಂಟಲಿನಿಂದ ಇನ್ನೇನು ಇಳಿಯಿತು? ಬೇರೆ ಯಾವ ಡಾಕ್ಟರು ಬೇರೆ ಯಾವ ಗುಳಿಗೆ ಕೊಟ್ಟಿದ್ದಾರೆ? ಗಡಿಯ ಎರಡೂ ಬದಿಯಲ್ಲಿ ಮದ್ದು ಮಾಡಿಸುವ ನಮ್ಮಂಥ ಜಿಲ್ಲೆಯಲ್ಲಿ ಎರಡನೆಯ ಪ್ರಶ್ನೆಗೆ ಇನ್ನೂ ಹೆಚ್ಚಿನ ತೂಕ.

ಮದ್ದಿನ ಹೆಸರು ಲೆವೊಥೈರಾಕ್ಸಿನ್ ಸೋಡಿಯಂ. ಥೈರೋನಾರ್ಮ್, ಎಲ್ಟ್ರಾಕ್ಸಿನ್, ಥೈರಾಕ್ಸ್ ಎಂದು ಡಬ್ಬಿಯ ಹೆಸರು ಬೇರೆ ಬೇರೆ ಇದ್ದರೂ ಒಳಗಿನ ವಸ್ತು ಒಂದೇ: ಕುತ್ತಿಗೆಯ ಗ್ರಂಥಿ ತಾನೇ ತಯಾರಿಸಬೇಕಾಗಿದ್ದ ಟಿ4 ಹಾರ್ಮೋನು. ಅದರ ಪ್ರಮಾಣ ಎಷ್ಟು ಸಣ್ಣದು ಎಂಬುದನ್ನು ಗಮನಿಸಬೇಕು. ಜ್ವರಕ್ಕೆ ನುಂಗುವ ಒಂದು ಪ್ಯಾರಾಸಿಟಮಾಲ್ 500 ಮಿಲಿಗ್ರಾಂ. ಥೈರಾಯ್ಡ್ ಗುಳಿಗೆಯಲ್ಲಿರುವುದು 100 ಮೈಕ್ರೊಗ್ರಾಂ, ಅಂದರೆ ಒಂದು ಮಿಲಿಗ್ರಾಂನ ಹತ್ತನೇ ಒಂದು ಪಾಲು. ಕೈಗೆ ಸಿಗುವ ಗುಳಿಗೆಯ ಹೆಚ್ಚಿನ ಭಾಗ ಬರೀ ಪುಡಿ, ಮದ್ದಲ್ಲ. ಇಷ್ಟು ಸಣ್ಣ ಪ್ರಮಾಣದಲ್ಲಿ ಕಾಲು ಭಾಗ ಕರುಳಿನಲ್ಲೇ ಕಳೆದುಹೋದರೂ ರಿಪೋರ್ಟಿನಲ್ಲಿ ಎದ್ದು ಕಾಣುತ್ತದೆ.

ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿದಾಗ ನೂರರಲ್ಲಿ 60ರಿಂದ 80 ಪಾಲು ಮಾತ್ರ ಸಣ್ಣ ಕರುಳಿನಿಂದ ರಕ್ತಕ್ಕೆ ಹೋಗುತ್ತದೆ. ಎಲ್ಲ ಸರಿಯಾಗಿ ಮಾಡಿದಾಗಿನ ಲೆಕ್ಕ ಇದು. ಗುಳಿಗೆ ಚೆನ್ನಾಗಿ ಕರಗಲು ಹೊಟ್ಟೆಯ ಹುಳಿ ಬೇಕು, ಕರಗಿದ್ದು ಕರುಳಿನ ಗೋಡೆ ಮುಟ್ಟುವ ತನಕ ಬೇರೆ ಯಾವುದಕ್ಕೂ ಅಂಟಿಕೊಳ್ಳಬಾರದು. ಕಾಫಿ ಇದಕ್ಕೆ ಅಡ್ಡ ಬರುತ್ತದೆ ಎಂಬುದನ್ನು ಇಟಲಿಯ ವೈದ್ಯರು 2008ರಲ್ಲಿ ತೋರಿಸಿದರು. ಗುಳಿಗೆಯ ಬೆನ್ನಿಗೇ ಕಾಫಿ ಕುಡಿಯುತ್ತಿದ್ದವರಲ್ಲಿ ಟಿಎಸ್‌ಎಚ್ ಹತೋಟಿಗೆ ಬಾರದಿರಲು ಅದೇ ಕಾರಣವಾಗಿತ್ತು. ಹಾಲಿನಲ್ಲಿ ಕ್ಯಾಲ್ಸಿಯಂ ಇದೆ, ಅದೂ ಹೀರಿಕೆಯನ್ನು ತಗ್ಗಿಸುತ್ತದೆ. ಹಾಲು ಹಾಕದ ಕಟ್ಟನ್ ಚಾ ಆದೀತಲ್ಲ ಎಂದು ಕೇಳುವವರಿದ್ದಾರೆ. ಆಗದು. ಜೀರಿಗೆ ಕಷಾಯ, ಮಜ್ಜಿಗೆನೀರು, ಬೊಂಡದ ನೀರಿಗೂ ಆ ಒಂದು ಗಂಟೆ ವಿನಾಯಿತಿ ಬೇಡ. ಒಂದು ಲೋಟ ಸಾದಾ ನೀರು, ಅಷ್ಟೆ.

ಒಂದು ಗಂಟೆ ಕಾಯುವುದು ಒಳ್ಳೆಯದು, ಅರ್ಧ ಗಂಟೆ ಕನಿಷ್ಠ. ಬೆಳಗಿನ ಐದಕ್ಕೆ ತೋಟಕ್ಕೆ ನೀರು ಬಿಡಲು ಹೊರಡುವವರಿಗೆ, ರಬ್ಬರ್ ಟ್ಯಾಪಿಂಗ್‌ಗೆ ಹೋಗುವವರಿಗೆ ಇದು ಸುಲಭ: ಮುಖ ತೊಳೆದು ಗುಳಿಗೆ, ಕೆಲಸ ಮುಗಿಸಿ ಬಂದು ಚಾ. ಕಷ್ಟ ಇರುವುದು ಏಳುವಾಗಲೇ ಮಕ್ಕಳ ಶಾಲಾ ವ್ಯಾನಿನ ಗಡಿಬಿಡಿಯಲ್ಲಿ ಏಳುವ ತಾಯಂದಿರಿಗೆ. ಅಂಥವರಿಗೆ ರಾತ್ರಿ ಮಲಗುವ ಹೊತ್ತು ವಾಸಿ. ಊಟವಾಗಿ ಮೂರು ಗಂಟೆ ಕಳೆದಿರಬೇಕು ಎಂಬ ಒಂದೇ ಷರತ್ತು. ನೆದರ್ಲೆಂಡ್ಸಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ರಾತ್ರಿ ತೆಗೆದುಕೊಂಡಾಗ ಹಾರ್ಮೋನಿನ ಮಟ್ಟ ಬೆಳಗಿನದಕ್ಕಿಂತ ಚೆನ್ನಾಗಿಯೇ ಇತ್ತು. ಎಂಟಕ್ಕೆ ಉಂಡು ಹನ್ನೊಂದಕ್ಕೆ ಮಲಗುವ ಮನೆಗೆ ಇದು ಹೊಂದುತ್ತದೆ. ಹತ್ತಕ್ಕೆ ಉಂಡು ಹತ್ತೂವರೆಗೆ ಹಾಸಿಗೆ ಹಿಡಿಯುವವರಿಗೆ ಆಗದು. ಬೆಳಿಗ್ಗೆಯೋ ರಾತ್ರಿಯೋ, ಒಂದನ್ನು ಹಿಡಿಯಬೇಕು. ಇವತ್ತು ಹೀಗೆ ನಾಳೆ ಹಾಗೆ ಎಂದಾದರೆ ಡೋಸ್ ಹೊಂದಿಸಲು ಯಾರಿಂದಲೂ ಸಾಧ್ಯವಿಲ್ಲ.

ರಂಜಾನಿನಲ್ಲಿ ಉಪ್ಪಳ, ಕುಂಬಳೆ, ತಳಂಗರೆಯ ಎಷ್ಟೋ ಮನೆಗಳಲ್ಲಿ ಈ ಮದ್ದು ತಿಂಗಳಿಡೀ ನಿಂತೇ ಹೋಗುತ್ತದೆ, ಅಥವಾ ಇಫ್ತಾರಿನ ಖರ್ಜೂರದ ಜೊತೆಗೆ ಹೊಟ್ಟೆಗಿಳಿಯುತ್ತದೆ. ಎರಡೂ ಬೇಕಿಲ್ಲ. ಅತ್ತಾಳಕ್ಕೆ, ಅಂದರೆ ಉಪವಾಸಕ್ಕೆ ಮುಂಚಿನ ನಸುಕಿನ ಊಟಕ್ಕೆ, ಎದ್ದ ಕೂಡಲೇ ನೀರಿನಲ್ಲಿ ನುಂಗಿ, ಅಡುಗೆ ಬಿಸಿ ಮಾಡುವ ಅರ್ಧ ಗಂಟೆ ಕಳೆದು ಉಣ್ಣಬಹುದು. ಇಲ್ಲವಾದರೆ ರಾತ್ರಿಯ ತರಾವೀಹ್ ನಮಾಜ್ ಮುಗಿಸಿ ಬಂದು, ಕೊನೆಯ ತಿಂಡಿಯಿಂದ ಮೂರು ಗಂಟೆ ಆಗಿದೆಯೇ ನೋಡಿಕೊಂಡು ಮಲಗುವ ಮೊದಲು. ಏಕಾದಶಿಯ ಉಪವಾಸದಲ್ಲಿ ಗುಳಿಗೆಗೆ ತೊಂದರೆಯೇ ಇಲ್ಲ. ಬರೀ ಹೊಟ್ಟೆ ಎಂಬುದು ಅಂದಿನಷ್ಟು ಸರಿಯಾಗಿ ಬೇರೆ ದಿನ ಪಾಲನೆಯಾಗುವುದೂ ಅಪರೂಪ.

ವೀಳ್ಯದೆಲೆಯ ಬಗ್ಗೆ ಯಾವ ಚೀಟಿಯಲ್ಲೂ ಬರೆದಿರುವುದಿಲ್ಲ. ಎದ್ದವರೇ ಎಲೆಯಡಿಕೆ ಹಾಕುವ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಎಲೆಗೆ ಸವರುವ ಸುಣ್ಣವೂ ಕ್ಯಾಲ್ಸಿಯಂನ ಸಂಯುಕ್ತವೇ. ಅಡಿಕೆಯ ಬೇರೆ ಅಪಾಯಗಳ ಮಾತು ಹಾಗಿರಲಿ, ಗುಳಿಗೆಯ ಹೊತ್ತಿನಲ್ಲಂತೂ ಬಾಯಿ ಖಾಲಿ ಇರಲಿ.

ಉಳಿದ ಗುಳಿಗೆಗಳು ಚಾಕ್ಕಿಂತ ಹೆಚ್ಚು ಹಾಳು ಮಾಡುತ್ತವೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಎರಡೂ ಕರುಳಿನೊಳಗೆ ಥೈರಾಕ್ಸಿನ್‌ಗೆ ಅಂಟಿಕೊಂಡು ಅದನ್ನು ಹೀರಲಾಗದ ಮುದ್ದೆ ಮಾಡುತ್ತವೆ. ಅವುಗಳಿಗೂ ಥೈರಾಯ್ಡ್ ಗುಳಿಗೆಗೂ ನಡುವೆ ನಾಲ್ಕು ಗಂಟೆ ಇರಲೇಬೇಕು. ‘ಶಕ್ತಿಗೆ’ ಎಂದು ಕೊಡುವ ಮಲ್ಟಿವಿಟಮಿನ್‌ಗಳಲ್ಲಿ ಸಾಮಾನ್ಯವಾಗಿ ಇವೆರಡೂ ಇರುತ್ತವೆ, ಹಾಗಾಗಿ ಅವಕ್ಕೂ ಅದೇ ಅಂತರ. ಹೊಟ್ಟೆಯುರಿಗೆ ಕುಡಿಯುವ ಗುಲಾಬಿ ಬಣ್ಣದ ಆಂಟಾಸಿಡ್, ಹುಣ್ಣಿಗೆ ಕೊಡುವ ಸುಕ್ರಾಲ್‌ಫೇಟ್ ಇವೂ ಈ ಗುಂಪಿನವೇ. ಇಸಬ್ಗೋಲನ್ನು ಕೂಡ ದೂರ ಇಡುವುದು ಒಳಿತು.

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಮುಂತಾದ ‘ಗ್ಯಾಸ್ ಗುಳಿಗೆ’ಗಳ ಕತೆ ಬೇರೆ. ಅವು ಥೈರಾಕ್ಸಿನ್‌ಗೆ ಅಂಟುವುದಿಲ್ಲ. ಹೊಟ್ಟೆಯ ಹುಳಿಯನ್ನೇ ದಿನವಿಡೀ ತಗ್ಗಿಸುತ್ತವೆ, ಗುಳಿಗೆ ಪೂರ್ತಿ ಕರಗುವುದಿಲ್ಲ. ಆದ್ದರಿಂದ ನಾಲ್ಕು ಗಂಟೆಯ ಅಂತರದಿಂದ ಇಲ್ಲಿ ಪರಿಹಾರ ಸಿಗುವುದಿಲ್ಲ. ಕೆಲವು ದಿನಕ್ಕೆಂದು ಕೊಟ್ಟ ಗ್ಯಾಸ್ ಗುಳಿಗೆಯನ್ನು ಅಂಗಡಿಯಿಂದ ಕೇಳಿ ಕೇಳಿ ವರ್ಷಗಟ್ಟಲೆ ನುಂಗುವ ರೂಢಿ ನಮ್ಮಲ್ಲಿ ವಿಪರೀತ. ಅದು ನಿಜವಾಗಿ ಬೇಕೇ ಎಂದು ಕೇಳಿ ನಿಲ್ಲಿಸುವುದು ಮೊದಲ ದಾರಿ. ಬೇಕೇ ಬೇಕು ಎಂದಾದರೆ ಆರು ವಾರ ಬಿಟ್ಟು ಟಿಎಸ್‌ಎಚ್ ನೋಡಿ ಥೈರಾಯ್ಡ್ ಡೋಸನ್ನು ಅದಕ್ಕೆ ಹೊಂದಿಸುವುದು ಎರಡನೆಯದು. ಬಹುಕಾಲದ ಜಠರದ ಉರಿಯೂತ, ಎಚ್. ಪೈಲೊರಿ ಸೋಂಕು, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ ಇರುವವರಲ್ಲೂ ಇದೇ ರೀತಿ ಡೋಸ್ ಏರುತ್ತದೆ. ಕಿಲೋ ತೂಕಕ್ಕೆ 2 ಮೈಕ್ರೊಗ್ರಾಂ ದಾಟಿಯೂ ಟಿಎಸ್‌ಎಚ್ ಇಳಿಯದಿದ್ದರೆ ಇನ್ನೊಮ್ಮೆ ಏರಿಸುವ ಮೊದಲು ಇವುಗಳನ್ನು ಹುಡುಕಬೇಕು.

ಗಡಿನಾಡಿನ ತೊಡಕು ಕಾಣುವುದು ಇಲ್ಲೇ. ಥೈರಾಯ್ಡ್ ಚೀಟಿ ಮಂಗಳೂರಿನದು. ಕಬ್ಬಿಣದ ಗುಳಿಗೆ ಆಶಾ ಕಾರ್ಯಕರ್ತೆ ಮನೆಗೇ ತಂದುಕೊಟ್ಟದ್ದು. ಮಂಡಿನೋವಿಗೆ ಕ್ಯಾಲ್ಸಿಯಂ ಬದಿಯಡ್ಕದ ಕ್ಲಿನಿಕ್ಕಿನದು, ಗ್ಯಾಸಿನದ್ದು ಅಂಗಡಿಯದು. ನಾಲ್ಕನ್ನೂ ಒಟ್ಟಿಗೆ ನೋಡಿದ ಕಣ್ಣು ಯಾವುದೂ ಇಲ್ಲ. ಒಂದು ಕಡೆಯ ದಾಖಲೆ ಇನ್ನೊಂದು ಕಡೆಯ ಕಂಪ್ಯೂಟರಿನಲ್ಲಿ ಕಾಣುವುದಿಲ್ಲ, ‘ಬೇರೆ ಮದ್ದು ಉಂಟಾ?’ ಎಂದು ಕೇಳಿದರೆ ಕಬ್ಬಿಣ-ಕ್ಯಾಲ್ಸಿಯಂಗಳನ್ನು ಯಾರೂ ಮದ್ದೆಂದು ಎಣಿಸುವುದೂ ಇಲ್ಲ. ಇದಕ್ಕೆ ಪರಿಹಾರ ತೀರಾ ಹಳೆಯ ಕಾಲದ್ದು: ಮನೆಯಲ್ಲಿರುವ ಅಷ್ಟೂ ಡಬ್ಬಿ, ಹಾಳೆಗಳನ್ನು ಒಂದು ಚೀಲಕ್ಕೆ ಹಾಕಿ ಡಾಕ್ಟರ ಮೇಜಿನ ಮೇಲೆ ಸುರಿಯುವುದು.

ಡೋಸಿನ ಲೆಕ್ಕ ತೂಕದಿಂದ ಶುರುವಾಗುತ್ತದೆ. ಗ್ರಂಥಿ ಪೂರ್ತಿ ಕೆಲಸ ನಿಲ್ಲಿಸಿದವರಿಗೆ, ಅಥವಾ ಅದನ್ನು ಆಪರೇಷನ್ ಮಾಡಿ ತೆಗೆದವರಿಗೆ, ದಿನಕ್ಕೆ ಕಿಲೋಗೆ ಸುಮಾರು 1.6 ಮೈಕ್ರೊಗ್ರಾಂ. 60 ಕಿಲೋ ತೂಕದವರಿಗೆ 96 ಬರುತ್ತದೆ, ಅಂದರೆ 100ರ ಒಂದು ಗುಳಿಗೆ. ಗ್ರಂಥಿ ಇನ್ನೂ ಅರೆಬರೆ ಕೆಲಸ ಮಾಡುತ್ತಿದ್ದರೆ 25 ಅಥವಾ 50 ಸಾಕು. ಹೃದ್ರೋಗ ಇರುವವರಿಗೆ, ತೀರಾ ವಯಸ್ಸಾದವರಿಗೆ 12.5 ಅಥವಾ 25ರಿಂದ ಆರಂಭಿಸಿ ಮೆಲ್ಲಗೆ ಏರಿಸುತ್ತಾರೆ. ಒಮ್ಮೆಲೇ ಪೂರ್ತಿ ಕೊಟ್ಟರೆ ಎದೆನೋವು, ಬಡಿತದ ಏರುಪೇರು ಕಾಣಿಸಬಹುದು. ನೆರೆಮನೆಯವರಿಗೆ 50, ನನಗ್ಯಾಕೆ 125 ಎಂಬ ಹೋಲಿಕೆಗೆ ಹಾಗಾಗಿ ಅರ್ಥವಿಲ್ಲ. ಮತ್ತೊಂದು ಸಣ್ಣ ಎಚ್ಚರಿಕೆ: ಅಂಗಡಿಯಲ್ಲಿ 25 ಮತ್ತು 125 ಅದಲುಬದಲಾಗುವುದುಂಟು. ಮದ್ದು ಕೈಗೆ ಬಂದಾಗ ಹಳೆಯ ಡಬ್ಬಿಯ ಸಂಖ್ಯೆಯ ಪಕ್ಕಕ್ಕೆ ಹಿಡಿದು ನೋಡಬೇಕು.

ಟಿಎಸ್‌ಎಚ್ 4ರಿಂದ 9ಕ್ಕೆ ಹೋಯಿತು, ಕಾಯಿಲೆ ಎರಡು ಪಟ್ಟಾಯಿತು ಎಂದು ಹೆದರುವವರು ಬಹಳ. ಲೆಕ್ಕ ಹಾಗಿಲ್ಲ. ಟಿಎಸ್‌ಎಚ್ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕಳಿಸುವ ಕರೆ. ರಕ್ತದಲ್ಲಿ ಟಿ4 ಒಂಚೂರು ತಗ್ಗಿದರೂ ಅದು ದನಿ ಹಲವು ಪಟ್ಟು ಎತ್ತರಿಸುತ್ತದೆ. ಆದ್ದರಿಂದ ಅಂಥ ಏರಿಕೆಗೆ 12.5 ಅಥವಾ 25ರ ತಿದ್ದುಪಡಿ ಸಾಕಾಗುತ್ತದೆ, ದುಪ್ಪಟ್ಟು ಬೇಡ. ತಿದ್ದಿದ ಮೇಲೆ ಕಾಯಬೇಕು. ಥೈರಾಕ್ಸಿನ್‌ನ ಅರ್ಧ ಭಾಗ ದೇಹದಿಂದ ಇಳಿಯಲು ಸುಮಾರು ಏಳು ದಿನ ಬೇಕು, ಹೊಸ ಡೋಸ್ ಒಂದು ಮಟ್ಟಕ್ಕೆ ನಿಲ್ಲಲು ಐದಾರು ವಾರ. ಪಿಟ್ಯುಟರಿ ಅದನ್ನು ನಂಬಲು ಇನ್ನೂ ತುಸು ಹೊತ್ತು. ಆರರಿಂದ ಎಂಟು ವಾರಕ್ಕೆ ಮುಂಚೆ ಮಾಡಿಸಿದ ಟಿಎಸ್‌ಎಚ್ ದುಡ್ಡು ದಂಡ. ಅದನ್ನು ನೋಡಿ ಡೋಸ್ ಬದಲಾಯಿಸಿದರೆ ತಪ್ಪಿನ ಮೇಲೆ ತಪ್ಪು.

ಈ ಏಳು ದಿನದ ನಿಧಾನ ನಮಗೆ ಅನುಕೂಲವೂ ಹೌದು. 88ರ ಗುಳಿಗೆ ಊರಿನ ಅಂಗಡಿಯಲ್ಲಿ ಸಿಗದಿದ್ದರೆ ಒಂದು ದಿನ 75, ಮರುದಿನ 100 ಎಂದು ಡಾಕ್ಟರು ಬರೆಯಬಹುದು; ಸರಾಸರಿ 87.5. ವಾರದಲ್ಲಿ ಐದು ದಿನ 100, ಎರಡು ದಿನ 125 ಎಂದರೆ ದಿನಕ್ಕೆ 107 ಬಿದ್ದಂತೆ. ಒಂದು ದಿನ ಮರೆತರೆ ಅದೇ ರಾತ್ರಿ ಹೊಟ್ಟೆ ಖಾಲಿಯಾದಾಗ ತೆಗೆದುಕೊಳ್ಳಬಹುದು. ಮರುದಿನ ನೆನಪಾದರೆ, ಹೃದಯದ ತೊಂದರೆ ಇಲ್ಲದವರಿಗೆ ಎರಡು ಒಟ್ಟಿಗೆ ನುಂಗಲು ಅನೇಕ ಡಾಕ್ಟರುಗಳು ಹೇಳುತ್ತಾರೆ. ನಿಮ್ಮವರು ಏನು ಹೇಳುತ್ತಾರೆಂದು ಮೊದಲೇ ಕೇಳಿಟ್ಟುಕೊಳ್ಳಿ. ಆದರೆ ತಿಂಗಳಿಡೀ ಮರೆತು ಪರೀಕ್ಷೆಯ ಹಿಂದಿನ ವಾರ ಮಾತ್ರ ನಿಷ್ಠೆಯಿಂದ ನುಂಗಿದರೆ ರಿಪೋರ್ಟೇ ಚಾಡಿ ಹೇಳುತ್ತದೆ: ಟಿ4 ಸರಿಯಾಗಿರುತ್ತದೆ, ಟಿಎಸ್‌ಎಚ್ ಮಾತ್ರ ಮೇಲೇ ಇರುತ್ತದೆ.

ಕಂಪೆನಿ ಬದಲಾಯಿಸುವ ವಿಷಯದಲ್ಲಿ ಅನಗತ್ಯ ಭಯವೂ ಬೇಡ, ಅಸಡ್ಡೆಯೂ ಬೇಡ. ಲೆವೊಥೈರಾಕ್ಸಿನ್ ನಮ್ಮ ಅಗತ್ಯ ಮದ್ದುಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ, ಬೆಲೆಗೆ ಮಿತಿಯೂ ಇದೆ. ಅಗ್ಗದ್ದು ಎಂಬ ಒಂದೇ ಕಾರಣಕ್ಕೆ ಅದು ಕೆಟ್ಟದಲ್ಲ. ಆದರೆ ಒಂದು ತಯಾರಿಕೆಯಿಂದ ಇನ್ನೊಂದಕ್ಕೆ ಹೀರಿಕೆಯಲ್ಲಿ ಸಣ್ಣ ವ್ಯತ್ಯಾಸ ಬರಬಹುದು. ಮದ್ದಿನ ಶಕ್ತಿ ಅವಧಿ ಮುಗಿಯುವವರೆಗೂ 95ರಿಂದ 105 ಶೇಕಡದೊಳಗೇ ಇರಬೇಕೆಂದು ಅಮೆರಿಕದ ಔಷಧ ಇಲಾಖೆ 2007ರಲ್ಲಿ ನಿಯಮ ಬಿಗಿ ಮಾಡಿದ್ದು ಇದು ಎಷ್ಟು ಸೂಕ್ಷ್ಮದ ಮದ್ದು ಎಂಬುದಕ್ಕೆ ಸಾಕ್ಷಿ. ಒಂದನ್ನೇ ಹಿಡಿಯಿರಿ, ಬದಲಾಯಿಸಿದರೆ ಆರು ವಾರಕ್ಕೆ ಪರೀಕ್ಷೆ ಮಾಡಿಸಿ.

ಇನ್ನು ಆಟಿಯ ಮಳೆ. ಈ ಗುಳಿಗೆಗೆ ಶಾಖ, ತೇವ, ಬೆಳಕು ಮೂರೂ ಆಗದು. ನಮ್ಮಲ್ಲಿ ಜೂನ್‌ನಿಂದ ಉಪ್ಪಿನ ಭರಣಿಯೇ ನೀರಾಗುತ್ತದೆ, ಮೂರು ತಿಂಗಳಿಗೆಂದು ತಂದ ನೂರು ಗುಳಿಗೆಯ ಡಬ್ಬಿ ಒಲೆಯ ಪಕ್ಕದ ಕಪಾಟಿನಲ್ಲಿದ್ದರೆ ಹೇಗೆ ಉಳಿದೀತು? ಮುಚ್ಚಳ ಬಿಗಿಯಾಗಿರಲಿ, ಒಳಗಿನ ತೇವ ಹೀರುವ ಪುಟ್ಟ ಚೀಲವನ್ನು ಎಸೆಯಬೇಡಿ, ಒದ್ದೆ ಕೈ ಹಾಕಬೇಡಿ. ಮಲಗುವ ಕೋಣೆಯ ಬೀರು ಅತ್ಯುತ್ತಮ ಜಾಗ. ಫ್ರಿಜ್ ಬೇಡ, ದಿನವೂ ಹೊರಗೆ ತೆಗೆದಾಗ ಡಬ್ಬಿಯೊಳಗೇ ಬೆವರು ಕೂರುತ್ತದೆ. ಮಂಗಳೂರಿಗೆ ಹೋಗುವಾಗ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬಿಡುವುದೂ ಬೇಡ. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗಿನ ಪಾಡು ನೆನಪಿರುವವರು ಹೆಚ್ಚುವರಿ ಡಬ್ಬಿ ಇಟ್ಟುಕೊಳ್ಳುತ್ತಾರೆ. ತಪ್ಪಲ್ಲ, ಆದರೆ ಮೊದಲು ತಂದದ್ದು ಮೊದಲು ಮುಗಿಯಲಿ.

ಗರ್ಭಿಣಿಯರ ವಿಷಯಕ್ಕೆ ಬಂದರೆ ಕಾಯುವ ಮಾತೇ ಇಲ್ಲ. ಮೊದಲ ತಿಂಗಳುಗಳಲ್ಲಿ ಮಗುವಿಗೆ ತನ್ನದೇ ಥೈರಾಯ್ಡ್ ಹಾರ್ಮೋನು ಇರುವುದಿಲ್ಲ, ತಾಯಿಯದ್ದೇ ಗತಿ. ಮೊದಲಿನಿಂದ ಗುಳಿಗೆ ತೆಗೆದುಕೊಳ್ಳುತ್ತಿದ್ದವರಿಗೆ ಗರ್ಭ ನಿಂತದ್ದು ಗೊತ್ತಾದ ಕೂಡಲೇ ಶೇಕಡ 25ರಿಂದ 30ರಷ್ಟು ಹೆಚ್ಚು ಬೇಕಾಗುತ್ತದೆ. ಸುಲಭದ ಉಪಾಯ ವಾರಕ್ಕೆ ಏಳರ ಬದಲು ಒಂಬತ್ತು ಗುಳಿಗೆ: 100ರದ್ದಾದರೆ ವಾರದ 700 ಎಂಬುದು 900 ಆಗುತ್ತದೆ. ಈ ಏರಿಕೆಯ ಬಗ್ಗೆ ಡಾಕ್ಟರ ಜೊತೆ ಮದುವೆಯಾದ ಹೊಸದರಲ್ಲೇ ಮಾತಾಡಿಟ್ಟರೆ, ಮೊದಲ ಸ್ಕ್ಯಾನಿನ ದಿನದವರೆಗೆ ಕಾಯುವ ಐದಾರು ವಾರ ಉಳಿಯುತ್ತದೆ. ಆಮೇಲೆ ಐದನೇ ತಿಂಗಳವರೆಗೆ ನಾಲ್ಕು ವಾರಕ್ಕೊಮ್ಮೆ ಟಿಎಸ್‌ಎಚ್. ಹೆರಿಗೆಯಾದ ಮೇಲೆ ಹಳೆಯ ಡೋಸಿಗೆ ಇಳಿದು ಆರು ವಾರಕ್ಕೆ ಮತ್ತೊಮ್ಮೆ.

ಆದರೆ ಅವರ ಕೈಯಲ್ಲೇ ಸರಕಾರಿ ಕಬ್ಬಿಣದ ಗುಳಿಗೆಯೂ ದಿನಕ್ಕೆರಡು ಕ್ಯಾಲ್ಸಿಯಂ ಗುಳಿಗೆಯೂ ಇರುತ್ತವೆ. ಮೂರೂ ಬೇಕು, ಒಂದಕ್ಕೊಂದು ಆಗದು. ಹೀಗೆ ಹಂಚಬಹುದು: ಬೆಳಿಗ್ಗೆ ಐದೂವರೆಗೆ ಥೈರಾಯ್ಡ್, ಆರೂವರೆಗೆ ಚಾ, ಮಧ್ಯಾಹ್ನ ಒಂದಕ್ಕೆ ಊಟದೊಂದಿಗೆ ಮೊದಲ ಕ್ಯಾಲ್ಸಿಯಂ, ಸಂಜೆ ನಾಲ್ಕೂವರೆಗೆ ಕಬ್ಬಿಣ, ಚಾದ ಜೊತೆಗಲ್ಲ, ಲಿಂಬೆ ಶರಬತ್ತಿನ ಜೊತೆಗೆ, ರಾತ್ರಿ ಎಂಟಕ್ಕೆ ಊಟದೊಂದಿಗೆ ಎರಡನೇ ಕ್ಯಾಲ್ಸಿಯಂ. ಗುಳಿಗೆಯ ಈ ನಾಲ್ಕು ಹೊತ್ತನ್ನು ಗೋಡೆಯ ಪಂಚಾಂಗದ ಅಂಚಿನಲ್ಲಿ ಬರೆದರೆ ಅತ್ತೆಯವರೂ ನೆನಪಿಸಿಯಾರು.

ಹುಟ್ಟಿನಿಂದಲೇ ಕೊರತೆ ಇರುವ ಶಿಶುಗಳಿಗೆ ಕಿಲೋಗೆ 10ರಿಂದ 15 ಮೈಕ್ರೊಗ್ರಾಂ, ಅಂದರೆ ತೂಕದ ಲೆಕ್ಕದಲ್ಲಿ ದೊಡ್ಡವರ ಆರರಿಂದ ಒಂಬತ್ತು ಪಟ್ಟು, ಸಾಧ್ಯವಾದಷ್ಟು ಮೊದಲ ಎರಡು ವಾರದೊಳಗೇ. ಗುಳಿಗೆಯನ್ನು ಎರಡು ಚಮಚದ ನಡುವೆ ಪುಡಿಮಾಡಿ ಒಂದೆರಡು ಮಿಲಿ ನೀರಿನಲ್ಲೋ ಎದೆಹಾಲಿನಲ್ಲೋ ಕಲಸಿ ಆಗಲೇ ಕುಡಿಸಬೇಕು. ಕಲಸಿಟ್ಟು ಸಂಜೆಗೆ ಉಳಿಸುವುದಲ್ಲ, ಬಾಟಲಿ ಹಾಲಿಗೆ ಸುರಿಯುವುದೂ ಅಲ್ಲ. ಸೋಯಾ ಹಾಲಿನ ಪುಡಿ ಬೇಡವೇ ಬೇಡ.

ಫಿಟ್ಸಿನ ಫೆನಿಟಾಯಿನ್, ಕಾರ್ಬಮಾಜೆಪಿನ್, ಕ್ಷಯದ ರಿಫಾಂಪಿಸಿನ್ ಥೈರಾಕ್ಸಿನನ್ನು ಬೇಗ ಖರ್ಚು ಮಾಡಿಸುತ್ತವೆ. ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಗುಳಿಗೆಯೂ ಬೇಡಿಕೆ ಹೆಚ್ಚಿಸುತ್ತದೆ. ರಕ್ತ ತೆಳುವಾಗಿಸುವ ವಾರ್ಫರಿನ್, ಅಸಿಟ್ರೋಮ್ ನುಂಗುವವರಲ್ಲಿ ತಿರುಗುಮುರುಗು: ಥೈರಾಯ್ಡ್ ಡೋಸ್ ಏರಿದರೆ ಅವುಗಳ ಪ್ರಭಾವ ಏರಿ ರಕ್ತಸ್ರಾವವಾಗಬಹುದು, ರಕ್ತ ಹೆಪ್ಪುಗಟ್ಟುವ ವೇಗ ಅಳೆಯುವ ಪಿಟಿ-ಐಎನ್‌ಆರ್ ಬೇಗ ನೋಡಿಸಬೇಕು.

ರಕ್ತ ಕೊಡುವ ದಿನ ಏನು ಮಾಡಬೇಕು? ಟಿಎಸ್‌ಎಚ್‌ಗೆ ಉಪವಾಸ ಕಡ್ಡಾಯವಲ್ಲ. ಆದರೆ ಅದು ಬೆಳಗಿನ ಜಾವ ಹೆಚ್ಚು, ಮಧ್ಯಾಹ್ನ ಕಡಿಮೆ. ಕಳೆದ ಸಲ ಏಳಕ್ಕೆ, ಈ ಸಲ ಮಧ್ಯಾಹ್ನ ಎರಡಕ್ಕೆ ಕೊಟ್ಟು ಹೋಲಿಸಿದರೆ ಸುಳ್ಳು ಸಮಾಧಾನ ಸಿಕ್ಕೀತು. ಅದೇ ಲ್ಯಾಬು, ಅದೇ ಹೊತ್ತು. ಫ್ರೀ ಟಿ4, ಅಂದರೆ ರಕ್ತದಲ್ಲಿ ಬಿಡಿಯಾಗಿರುವ ಟಿ4, ಕೂಡ ನೋಡುವುದಿದ್ದರೆ ಗುಳಿಗೆಯನ್ನು ರಕ್ತ ಕೊಟ್ಟ ಮೇಲೆ ನುಂಗಿ, ಏಕೆಂದರೆ ನುಂಗಿದ ಎರಡರಿಂದ ನಾಲ್ಕು ಗಂಟೆಯಲ್ಲಿ ಅದು ತಾತ್ಕಾಲಿಕವಾಗಿ ಏರುತ್ತದೆ. ಕೂದಲು ಉದುರುವುದಕ್ಕೆ ಬಯೋಟಿನ್ ತಿನ್ನುತ್ತಿದ್ದರೆ ಎರಡು ದಿನ ಮೊದಲೇ ನಿಲ್ಲಿಸಬೇಕು. ಅನೇಕ ಯಂತ್ರಗಳ ಪರೀಕ್ಷಾ ವಿಧಾನದಲ್ಲೇ ಬಯೋಟಿನ್ ಇರುವುದರಿಂದ ಟಿಎಸ್‌ಎಚ್ ಇಲ್ಲದಷ್ಟು ಕಡಿಮೆ, ಟಿ4 ಇಲ್ಲದಷ್ಟು ಹೆಚ್ಚು ಬಂದು, ಸರಿಯಿದ್ದ ಡೋಸನ್ನೇ ಇಳಿಸಿಬಿಡುವ ಅಪಾಯವಿದೆ. ಥೈರಾಯ್ಡ್ ಕಾಯಿಲೆಯವರಿಗೇ ಕೂದಲು ಉದುರುವುದು ಹೆಚ್ಚು, ಬಯೋಟಿನ್ ಕೊಳ್ಳುವವರೂ ಅವರೇ!

ರಿಪೋರ್ಟ್ ನಾರ್ಮಲ್ ಬಂತು ಎಂದು ಗುಳಿಗೆ ನಿಲ್ಲಿಸುವುದು ಇನ್ನೊಂದು ಮಾಮೂಲಿ. ನಾರ್ಮಲ್ ಬಂದದ್ದೇ ಗುಳಿಗೆಯಿಂದ. ಇದಕ್ಕೆ ವಿರುದ್ಧ ತುದಿಯಲ್ಲಿ ತೂಕ ಇಳಿಯಲೆಂದು ಹೆಚ್ಚು ನುಂಗುವವರಿದ್ದಾರೆ. ಎದೆ ಡವಡವ, ಕೈ ನಡುಕ, ನಿದ್ದೆಗೇಡು ಮೊದಲು ಬರುತ್ತವೆ. ಟಿಎಸ್‌ಎಚ್ ಬಹುಕಾಲ 0.1ಕ್ಕಿಂತ ಕೆಳಗಿದ್ದರೆ ಹೃದಯದ ಬಡಿತ ತಾಳ ತಪ್ಪುತ್ತದೆ, ಮುಟ್ಟು ನಿಂತ ಹೆಂಗಸರ ಮೂಳೆ ಸವೆಯುತ್ತದೆ. ಥೈರಾಯ್ಡ್ ಕ್ಯಾನ್ಸರಿಗೆ ಆಪರೇಷನ್ ಆದವರಲ್ಲಿ ಕೆಲವರಿಗೆ ಬೇಕೆಂದೇ ಟಿಎಸ್‌ಎಚ್ ತಗ್ಗಿಸುತ್ತಾರೆ. ಅವರ ಚೀಟಿ ನೋಡಿ ಇತರರು ಕಲಿಯುವಂತಿಲ್ಲ. ಮೊಬೈಲಿನಲ್ಲಿ ಓಡಾಡುವ ತೆಂಗಿನೆಣ್ಣೆ ಚಿಕಿತ್ಸೆ ಅಡುಗೆಗೆ ಒಳ್ಳೆಯದು, ಥೈರಾಕ್ಸಿನ್‌ಗೆ ಬದಲಿಯಲ್ಲ. ಅಶ್ವಗಂಧ ಮಾತ್ರ ಹಾರ್ಮೋನನ್ನು ನಿಜವಾಗಿಯೂ ಏರಿಸಿದ ಉದಾಹರಣೆಗಳಿವೆ, ಡಾಕ್ಟರಿಗೆ ಹೇಳದೆ ತಿನ್ನಬಾರದು. ಮರಗೆಣಸು, ಕ್ಯಾಬೇಜು ಬಿಡಬೇಕೇ ಎಂದರೆ, ಗುಳಿಗೆ ತೆಗೆದುಕೊಳ್ಳುವವರು ಬೇಯಿಸಿ ಹಿತಮಿತವಾಗಿ ತಿನ್ನಲು ಅಡ್ಡಿಯಿಲ್ಲ.

ಇಷ್ಟೂ ಲೆಕ್ಕ ಟಿಎಸ್‌ಎಚ್ ಸತ್ಯ ಹೇಳುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಅದು ಸುಳ್ಳಾಗುವ ಒಂದು ಸಂದರ್ಭ ನಮ್ಮ ತೋಟಗಳಲ್ಲೇ ಇದೆ. ಕೊಳಕುಮಂಡಲ, ಮಲಯಾಳದಲ್ಲಿ ಅಣಲಿ ಎನ್ನುವ ಹಾವಿನ ವಿಷ ಕೆಲವರ ಪಿಟ್ಯುಟರಿ ಗ್ರಂಥಿಗೇ ಹಾನಿ ಮಾಡುತ್ತದೆ. ಕಚ್ಚಿ ವಾಸಿಯಾಗಿ ವರ್ಷಗಳ ಮೇಲೆ ಸುಸ್ತು, ಚಳಿ, ಮುಟ್ಟು ನಿಲ್ಲುವುದು, ಗಡ್ಡ ತೆಳುವಾಗುವುದು ಶುರುವಾಗಬಹುದು. ಹೆರಿಗೆಯಲ್ಲಿ ವಿಪರೀತ ರಕ್ತ ಹೋದವರಲ್ಲೂ ಹೀಗಾಗುವುದುಂಟು. ಕರೆ ಕಳಿಸುವ ಗ್ರಂಥಿಯೇ ಹಾಳಾದುದರಿಂದ ಟಿಎಸ್‌ಎಚ್ ನಾರ್ಮಲ್ ಎಂದೇ ಬರುತ್ತದೆ, ಫ್ರೀ ಟಿ4 ಮಾತ್ರ ಕಡಿಮೆ. ಇಂಥವರಿಗೆ ಡೋಸ್ ನಿರ್ಧರಿಸುವುದು ಫ್ರೀ ಟಿ4 ನೋಡಿ. ಅದಕ್ಕೂ ಮೊದಲು ದೇಹ ತಾನೇ ತಯಾರಿಸುವ ಸ್ಟೀರಾಯ್ಡ್ ಆದ ಕಾರ್ಟಿಸೋಲ್‌ನ ಪರೀಕ್ಷೆ ಆಗಬೇಕು. ಅದು ಕಡಿಮೆಯಿದ್ದರೆ ಸ್ಟೀರಾಯ್ಡ್ ಗುಳಿಗೆ ಮೊದಲು, ಥೈರಾಯ್ಡ್ ಆಮೇಲೆ. ಅನುಕ್ರಮ ತಪ್ಪಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಬರಬಹುದು. ಹಾವು ಕಚ್ಚಿದ್ದು ಹತ್ತು ವರ್ಷ ಹಿಂದಿನ ಮಾತಾದರೂ ಥೈರಾಯ್ಡ್ ಚೀಟಿ ಬರೆಯುವ ಡಾಕ್ಟರಿಗೆ ಅದನ್ನು ಹೇಳಬೇಕು.